ಎಡಗಡೆಯ ಬಾಗಿಲು

ಕುರ್ಲಾದ ಗ್ಯಾರೇಜಿನಲ್ಲಿ ಡೆಂಟರ್ ಲತೀಫ್‌ಭಾಯಿ
ಬಾಗಿಲ ಮೇಲೆ ಅಂಗೈಯಿಟ್ಟ, ನಾಡಿ ಹಿಡಿದವನ ಹಾಗೆ.
ಇದೊಂದು ತಗ್ಗು ಎಬ್ಬಿಸಿದರೆ
ಗಾಡಿ ಮದುಮಗಳು, ಅಂದ.

ಜಾಗ್ವಾರ್, ಮಾರ್ಕ್ ನೈನ್. ಅರವತ್ತರ ಇಸವಿಯದು.
ಅಪ್ಪ ಅದರ ಧಣಿಯಲ್ಲ, ಡ್ರೈವರ್.
ಇಪ್ಪತ್ತೆರಡು ವರ್ಷ ಸೇಠಜಿಯ ಮುಖವನ್ನು
ಅಂಗೈಯಗಲದ ಕನ್ನಡಿಯಲ್ಲಷ್ಟೇ ಕಂಡವನು.
ಗಿರಣಿಗೆ ಬೀಗ ಬಿದ್ದು, ಬಾಕಿ ಪಗಾರದ ಬದಲಿಗೆ
ಬಂದದ್ದು ಈ ಎರಡು ಟನ್ ಕಬ್ಬಿಣ.
ಲಾಲ್‌ಬಾಗಿನ ಖೋಲಿಯಲ್ಲಿ ನಮಗೇ
ಕಾಲು ಚಾಚಲು ಜಾಗವಿರಲಿಲ್ಲ.

ಚಾಳಿನ ನಲ್ಲಿಯ ಪಕ್ಕ, ತಾಡಪಾಲಿನ ಕೆಳಗೆ
ಮೂವತ್ತು ಮಳೆಗಾಲ ಕೂತಿತು.
ಮಂಟಪಕ್ಕೆ ಅಡ್ಡ ಎಂದು ಪ್ರತಿ ಭಾದ್ರಪದಕ್ಕೂ ಜಗಳ.
ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು.
ಸೋದರಮಾವ ಹೆಂಡತಿಯೊಡನೆ ಮುನಿದು
ಎರಡು ತಿಂಗಳು ಅಲ್ಲೇ ಮಲಗಿದ, ಬೆಕ್ಕಿನೊಡನೆ.
ಮುಂದಿನ ಸೀಟಿನ ಬೆನ್ನಿಂದ ಮಡಚಿ ತೆಗೆವ ಪುಟ್ಟ ಮೇಜು,
ಸಾಹೇಬರ ಗ್ಲಾಸಿಗೆಂದು ಮಾಡಿದ ಅಕ್ರೋಟು ಹಲಗೆ,
ಅದರ ಮೇಲೆ ಅಕ್ಕ ಕಮಲಾಕ್ಷಿ ಬೀಜಗಣಿತ ಬಿಡಿಸಿದಳು.
ಕೈವಾರದ ಮುಳ್ಳಿನಿಂದ ತನ್ನ ಹೆಸರನ್ನೂ ಕೊರೆದಳು.

ಈಗ ದುಡ್ಡು ಅವಳದೇ. ಹಟವೂ ಅವಳದೇ.
ಹಲಗೆಗೆ ಹೊಳಪು ಬಂದಿದೆ, ಹೆಸರು ಅಳಿದಿಲ್ಲ.
ಮೂಗಿನ ಮೇಲೆ ನೆಗೆಯುತ್ತಿದ್ದ ಬೆಳ್ಳಿಮೃಗ ಎಂದೋ ಕಳುವಾಗಿತ್ತು;
ಅಲ್ಲೀಗ ಅವ್ವ ತವರಿನಿಂದ ತಂದ ಲಾಳಿ,
ಎರಡೂ ತುದಿಗೆ ಉಕ್ಕು, ನಡುವೆ ಮರ.
ನೆಗೆಯುವುದು ಅದಕ್ಕೆ ಮೊದಲೇ ಗೊತ್ತು.
ಒಳಚಾವಣಿಗೆ ಗುಳೇದಗುಡ್ಡದ ಖಣ,
ಉಡಿ ತುಂಬಿಸಿಕೊಂಡು ಟ್ರಂಕಿನಲ್ಲೇ ಉಳಿದ ಮೂವತ್ತೊಂದು ತುಂಡು,
ಒಂದರ ಬಣ್ಣ ಇನ್ನೊಂದಕ್ಕೆ ಹೊಂದದು.
ವಿಲಾಯತಿ ಗಾಡಿಗೆ ಕುಪ್ಪಸ ಹೊಲಿಯಲೇ? ಕುಶನ್ನಿನವ ನಕ್ಕ.
ಹೊಲಿ, ಅಂದಳು ಅಕ್ಕ.
ಡ್ರೈವರನ ಸೀಟಿನ ಸ್ಪ್ರಿಂಗು ಮಾತ್ರ ಮುಟ್ಟಲಿಲ್ಲ.
ಅಪ್ಪನ ಭಾರ ಬಲಕ್ಕಿತ್ತು. ಯಾರು ಕೂತರೂ
ಇವತ್ತಿಗೂ ಬಲಕ್ಕೇ ವಾಲುತ್ತಾರೆ.
ಮೂಲದ ಹಾಗಿಲ್ಲದಿದ್ದರೆ ರ್‍ಯಾಲಿಯಲ್ಲಿ ಅಂಕ ಕಳೆಯುತ್ತಾರೆ,
ಎಚ್ಚರಿಸಿದ ಲತೀಫ್‌ಭಾಯಿ.
ಯಾರ ಮೂಲ? ಕೇಳಿದಳು ಅಕ್ಕ.

ಉಳಿದದ್ದು ತಗ್ಗು.
ಎಡಗಡೆಯ ಹಿಂದಿನ ಬಾಗಿಲು, ನಿಂಬೆಹಣ್ಣು ಕೂರುವಷ್ಟು.

ಸಂಪಿನ ನಾಲ್ಕನೆಯ ತಿಂಗಳು.
ಗೇಟಿನ ಮುಂದೆ ಕಂಡಿಕೆ ಸುತ್ತುವ ಹೆಂಗಸರು, ಅವರಲ್ಲಿ ಅವ್ವ.
ಬೀದಿಯ ತಿರುವಿನಿಂದ ಅಪ್ಪ, ಎರಡು ಸಲ ಹಾರ್ನು,
ಅವನ ಬೆನ್ನ ಹಿಂದೆ ಸೇಠಜಿ.
ಕಲ್ಲು ಯಾರದೋ.
ಆ ರಾತ್ರಿ ಅವ್ವ ರೊಟ್ಟಿ ಬಡಿದಳು, ಅಪ್ಪ ಉಂಡ.
ಕೇಳಲಿಲ್ಲ. ಸಾಯುವ ತನಕ ಕೇಳಲಿಲ್ಲ.
ರಿಪೇರಿಗೆಂದು ಸೇಠಜಿ ಕೊಟ್ಟ ದುಡ್ಡಿನಲ್ಲಿ
ತಗ್ಗಿನ ಮೇಲೆ ಬಣ್ಣವಷ್ಟೇ ಸವರಿಸಿ
ಒಂದು ಚೀಲ ಜೋಳ ತಂದನೆಂಬುದು ನನಗೆ ಗೊತ್ತು,
ಹೊತ್ತವನು ನಾನೇ.

ಎಂಬತ್ತಾರರ ಗುರುಬಸವ್ವ, ನಮ್ಮವ್ವ,
ಸ್ಟೂಲಿನಿಂದೆದ್ದು, ಟೈರಿಗೊಂದು ಕೈ ಊರಿ,
ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟಳು.
‘ಅದು ಇರ್ಲಿ ತಮ್ಮಾ.
ಭಾಳ ಗುರಿ ಹಿಡದು ಒಗದಿದ್ದೆ.’
ಲತೀಫ್‌ಭಾಯಿಗೆ ಕನ್ನಡ ಬಾರದು.
ಸುತ್ತಿಗೆ ಕೆಳಗಿಟ್ಟ.

ಮೊದಲ ಸವಾರಿ. ಹಿಂದೆ ಕೂರು ಅಂದರೆ ಒಲ್ಲೆನೆಂದಳು,
ಅದು ಸೇಠನ ಜಾಗವಂತೆ.
ನನ್ನ ಪಕ್ಕ ಕೂತು, ತಲೆಯೆತ್ತಿ ಖಣ ಎಣಿಸುತ್ತ ಬಂದಳು;
ಹದಿನೇಳಕ್ಕೆ ಲೆಕ್ಕ ತಪ್ಪಿತು,
ಗಿರಣಿ ಬಂದಿತ್ತು.
ಗಿರಣಿಯೆಲ್ಲಿ, ನಲವತ್ತು ಮಾಳಿಗೆಯ ಗಾಜು.
‘ಹಾರ್ನ್ ಹೊಡಿ,’ ಅಂದಳು. ‘ಎರಡ ಸಲ.’

ಮೀಸೆ ಚಿಗುರದ ಕಾವಲುಗಾರ ಓಡಿಬಂದ.
ಲಾಳಿ ನೋಡಿದ, ಏನು ತಿಳಿದನೋ,
ಸಲಾಮು ಹೊಡೆದು ಅಡ್ಡಗಂಬ ಎತ್ತಿದ.

‘ಒಳಗ ಬ್ಯಾಡ,’ ಅಂದಳು ಅವ್ವ,
ಸೆರಗು ಸರಿಮಾಡಿಕೊಳ್ಳುತ್ತ.
‘ಸಂಪು ಇನ್ನೂ ಮುಗದಿಲ್ಲ.’

ರಿವರ್ಸ್ ಹಾಕಿದೆ, ಬಲಕ್ಕೆ ವಾಲಿ.
ಹಿಂದೆ ಸಾಲುಗಟ್ಟಿದ ಗಾಡಿಗಳು
ಹಾರ್ನು ಹೊಡೆಯುತ್ತಲೇ ಇದ್ದವು.